ಜೀಪು ಕಡಿದು ಪಿಕಪ್ ಮಾಡುವ ಕೃಷಿಕರಿಗೆ ಕಾನೂನಿನ ದಾರಿ ಬೇಡವೇ?

ಮಳೆಗಾಲ ಹತ್ತಿರ ಬಂತೆಂದರೆ ಗಡಿನಾಡಿನ ವೆಲ್ಡಿಂಗ್ ಶಾಪುಗಳ ಎದುರು ಹಳೆ ಜೀಪು, ಜಿಪ್ಸಿಗಳು ಬಂದು ನಿಲ್ಲುವುದುಂಟು. ಕ್ಯಾನ್ವಾಸ್ ಬಿಚ್ಚಿ, ಹಿಂದಿನ ಸೀಟು ಕಳಚಿ, ಡ್ರೈವರ್ ಸೀಟಿನ ಹಿಂದಕ್ಕೆ ಬಾಡಿಯನ್ನು ಗ್ಯಾಸ್ ಕಟ್ಟರಿನಲ್ಲಿ ಕಡಿದು, ಅಲ್ಲಿ ಕಬ್ಬಿಣದ ತಗಡಿನ ತೊಟ್ಟಿ ಕೂರಿಸುತ್ತಾರೆ. ಜನ ಹೋಗುವ ಜೀಪು ಹೋಗಿ ಲೋಡು ಹೋಗುವ ಪಿಕಪ್ ಆಯಿತು. ಕೆಲವೇ ದಿನದ ಕೆಲಸ, ಹೊಸ ಗಾಡಿಯ ಬೆಲೆಗೆ ಹೋಲಿಸಿದರೆ ಖರ್ಚು ಏನೂ ಅಲ್ಲ.

ಇದು ತಪ್ಪೋ ಸರಿಯೋ ಎಂದು ಕೇಳಿದರೆ ಎರಡು ಉತ್ತರ ಬರುತ್ತದೆ. ಕಾನೂನು ಹೇಳುವುದು ತಪ್ಪು ಅಂತ. ತೋಟ ಇದ್ದವರು ಹೇಳುವುದು "ಮತ್ತೆಂತ ಮಾಡುದು ಮಾರಾಯ್ರೇ, ಗೊಬ್ಬರ ತಲೆಯಲ್ಲಿ ಹೊರುದಾ?" ಅಂತ. ಇಬ್ಬರ ಮಾತಿನಲ್ಲೂ ಹುರುಳಿದೆ. ತೊಂದರೆ ಏನೆಂದರೆ ಇವೆರಡರ ನಡುವೆ ನಡೆದು ಹೋಗಲು ಒಂದು ದಾರಿಯನ್ನು ಯಾರೂ ಕಡಿದಿಲ್ಲ.

ಜೀಪೇ ಯಾಕೆ?

ಪೈವಳಿಕೆ, ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ದೇಲಂಪಾಡಿ ಕಡೆಯ ಅಡಿಕೆ ತೋಟಗಳನ್ನು ನೋಡಿದವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಮನೆ ಇರುವುದು ಗುಡ್ಡೆಯ ಬದಿಯಲ್ಲಿ, ತೋಟ ಇರುವುದು ಕೆಳಗೆ ಕಣಿವೆಯಲ್ಲಿ, ಡಾಮರು ರಸ್ತೆ ಇರುವುದು ಮೇಲೆ ಎಲ್ಲೋ. ನಡುವೆ ಮಣ್ಣಿನ ಮಾರ್ಗ. ಜೂನ್‌ನಿಂದ ಸಪ್ಟೆಂಬರ್ ತನಕ ಆ ಮಾರ್ಗದಲ್ಲಿ ಎರಡು ಚಕ್ರಕ್ಕೆ ಮಾತ್ರ ಎಂಜಿನ್ ಬಲ ಹೋಗುವ ಗಾಡಿ ಲೋಡು ಸಮೇತ ಏರು ಹತ್ತುವುದಿಲ್ಲ. ಕೊಳೆರೋಗಕ್ಕೆ ಮದ್ದು ಬಿಡಬೇಕಾದ್ದು ಆ ಹೊತ್ತಿನಲ್ಲೇ.

2005ರಲ್ಲಿ ಟಾಟಾ ಏಸ್ ಬಂದ ಮೇಲೆ ಊರೂರಿಗೆ ಸಣ್ಣ ಲೋಡು ಗಾಡಿ ಬಂತು, ಪೇಟೆ ವ್ಯಾಪಾರಕ್ಕೆ ಬಹಳ ಅನುಕೂಲ ಆಯಿತು. ಆದರೆ ಅದು ಡಾಮರಿನ ಗಾಡಿ. ನಾಲ್ಕು ಚಕ್ರಕ್ಕೂ ಬಲ ಹೋಗುವ ಪಿಕಪ್ಪುಗಳನ್ನು ಕಂಪೆನಿಯವರು ಕಟ್ಟಿದ್ದಾರೆ, ಇಲ್ಲವೆಂದಲ್ಲ. ಅವು ದೊಡ್ಡವು, ಹೊಸದಕ್ಕೆ ಲಕ್ಷಗಟ್ಟಲೆ ಹಣ ಬೇಕು. ಎರಡು ಎಕರೆ ಅಡಿಕೆ ಇದ್ದವರು, ಅದರಲ್ಲೂ ಹಳದಿ ರೋಗ, ಎಲೆಚುಕ್ಕಿ ರೋಗ ಅಂತ ಫಸಲು ಕಳೆದುಕೊಂಡವರು, ಅಂಥ ಸಾಲಕ್ಕೆ ಕೈ ಹಾಕುವುದಾದರೂ ಹೇಗೆ?

ಹೀಗಾಗಿ ಹಳೆ ಜೀಪು, ಇಲ್ಲವೇ ಜಿಪ್ಸಿ. ಮಾರುತಿ ಜಿಪ್ಸಿ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದದ್ದು 1985ರಲ್ಲಿ. ಸಾರ್ವಜನಿಕರಿಗೆ ಅದರ ಮಾರಾಟ ನಿಂತದ್ದು 2019ರಲ್ಲಿ. ಗಾಡಿ ಹಗುರ, ಅಗಲ ಕಡಿಮೆ, ಅಡಿಯಲ್ಲಿ ಏಣಿಯ ಹಾಗಿರುವ ಗಟ್ಟಿ ಚಾಸಿಸ್, ಹಿಂದೆ ಮುಂದೆ ಲೀಫ್ ಸ್ಪ್ರಿಂಗ್, ನಾಲ್ಕೂ ಚಕ್ರಕ್ಕೆ ಬಲ. ತೋಟದ ಸಂಕ, ತಿರುವುಗಳಲ್ಲಿ ಇದು ನುಗ್ಗುವ ಹಾಗೆ ಬೇರೆ ಯಾವುದೂ ನುಗ್ಗುವುದಿಲ್ಲ ಎನ್ನುತ್ತಾರೆ ಇಟ್ಟುಕೊಂಡವರು.

ಪಿಕಪ್ ಮಾಡುವ ಯೋಚನೆಯೂ ಹುಚ್ಚಲ್ಲ. ಜಿಪ್ಸಿಯ ಮೂಲ ಗಾಡಿಯನ್ನು ಸುಜುಕಿ ಕಂಪೆನಿಯೇ ಬೇರೆ ದೇಶಗಳಲ್ಲಿ ಪಿಕಪ್ ಆಗಿ ಮಾರಿತ್ತು. ಜೀಪು ಕಟ್ಟಿದ ಅಮೆರಿಕದ ವಿಲ್ಲೀಸ್ ಕಂಪೆನಿ 1947ರಲ್ಲಿಯೇ ಜೀಪಿನ ಪಿಕಪ್ ಹೊರತಂದಿತ್ತು. ಅಂದರೆ ಗಾಡಿಯ ಜಾತಿಗೆ ಈ ಕೆಲಸ ಒಗ್ಗುತ್ತದೆ. ಕಂಪೆನಿಯವರು ಲೆಕ್ಕ ಹಾಕಿ, ಪರೀಕ್ಷೆ ಮಾಡಿ ಕಟ್ಟುತ್ತಾರೆ, ಇಲ್ಲಿ ಕಣ್ಣಂದಾಜಿನಲ್ಲಿ ಕಟ್ಟುತ್ತಾರೆ. ವ್ಯತ್ಯಾಸ ಇಷ್ಟೇ, ಆದರೆ ಜೀವ ಹೋಗುವುದೂ ಇಷ್ಟರಲ್ಲೇ.

ಕಣ್ಣಂದಾಜಿನ ಲೆಕ್ಕ

ಒಂದು ಸಣ್ಣ ಲೆಕ್ಕ ನೋಡಿ. ಸೇನೆಯಲ್ಲಿ ಜಿಪ್ಸಿಯನ್ನು ಲೆಕ್ಕಕ್ಕೆ ಹಿಡಿದದ್ದು 500 ಕಿಲೋ ಹೊರುವ ಗಾಡಿ ಅಂತ. ಅದರಲ್ಲಿ ಡ್ರೈವರ್ ಮತ್ತು ಜತೆಗೊಬ್ಬರು ಕೂತರೆ 140 ಕಿಲೋ ಹೋಯಿತು. ಉಳಿದದ್ದು 360. ಒಂದು ಗೋಣಿ ಚಾಲಿ ಅಡಿಕೆ 65 ಕಿಲೋ ಅಂತ ಇಟ್ಟುಕೊಂಡರೆ ಐದು ಗೋಣಿ ಹಿಡಿಯುತ್ತದೆ. ಆರನೆಯದಕ್ಕೆ ಜಾಗ ಇರಬಹುದು, ಶಕ್ತಿ ಇಲ್ಲ.

ಇದು ತೊಟ್ಟಿ ಕಟ್ಟುವುದಕ್ಕೆ ಮೊದಲಿನ ಲೆಕ್ಕ. ಮೂರು ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡು ಒಂದು ಚದರ ಮೀಟರಿಗೆ ಹೆಚ್ಚು ಕಡಿಮೆ ಇಪ್ಪತ್ತಮೂರೂವರೆ ಕಿಲೋ ತೂಗುತ್ತದೆ. ಒಂದೂವರೆ ಮೀಟರ್ ಉದ್ದ, 1.4 ಮೀಟರ್ ಅಗಲದ ತಳ, ಸುತ್ತ 40 ಸೆಂಟಿಮೀಟರ್ ಎತ್ತರದ ಬದಿ ಅಂದರೆ ತಗಡು ಒಂದೇ ನೂರು ಕಿಲೋ ದಾಟುತ್ತದೆ. ಅದರ ಅಡಿಗೆ ಹಾಕುವ ಆಂಗ್ಲರ್, ಡ್ರೈವರ್ ಹಿಂದಿನ ಗೋಡೆ, ಕೊಂಡಿ, ಚಿಲಕ ಬೇರೆ. ಕಳಚಿಟ್ಟ ಕ್ಯಾನ್ವಾಸು, ಕೊಳವೆ, ಸೀಟು ಇಷ್ಟು ಭಾರ ಇರುವುದಿಲ್ಲ. ಹಾಗಾಗಿ ಪಿಕಪ್ ಆದ ಮೇಲೆ ಗಾಡಿ ಹೊರಬಹುದಾದ ಲೋಡು ಮೊದಲಿಗಿಂತ ಕಡಿಮೆಯಾಗುತ್ತದೆ, ಹೆಚ್ಚಾಗುವುದಿಲ್ಲ. ಹೆಚ್ಚಾಗುವುದು ತೊಟ್ಟಿಯ ಜಾಗ ಮಾತ್ರ. ಜಾಗ ಕಂಡ ಕೂಡಲೇ ಕೈ ಸುಮ್ಮನಿರುವುದಿಲ್ಲವಲ್ಲ!

ಮದ್ದು ಬಿಡುವ 200 ಲೀಟರಿನ ಡ್ರಮ್ಮು ತುಂಬಿದರೆ ನೀರೊಂದೇ 200 ಕಿಲೋ. ಒಂದು ಶೇಕಡಾ ಬೋರ್ಡೋ ದ್ರಾವಣಕ್ಕೆ 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರುತ್ತದೆ. ಎರಡು ಡ್ರಮ್ ಇಟ್ಟರೆ ನಾನೂರು ದಾಟಿತು. ಅದೂ ಒಂದೇ ಕಡೆ ನಿಲ್ಲುವ ತೂಕವಲ್ಲ, ತಿರುವಿನಲ್ಲಿ ಒಳಗೊಳಗೇ ತುಳುಕುವ ತೂಕ. ಕೆಂಪುಕಲ್ಲು ಹೇರುವವರ ಕತೆ ಹೇಳುವುದೇ ಬೇಡ. ಕಲ್ಲೊಂದಕ್ಕೆ 30 ಕಿಲೋ ಹಿಡಿದರೂ ಮೂವತ್ತು ಕಲ್ಲಿಗೆ 900 ಕಿಲೋ ಆಯಿತು, ಗಾಡಿಯ ಸ್ವಂತ ತೂಕಕ್ಕೆ ಹತ್ತಿರ ಹತ್ತಿರ.

"ಹಿಂದೆ ಎರಡು ಪ್ಲೇಟು ಜಾಸ್ತಿ ಹಾಕಿದ್ರೆ ಆಯ್ತು" ಎಂಬುದು ಶಾಪುಗಳಲ್ಲಿ ಸಿಗುವ ಸಮಾಧಾನ. ಸ್ಪ್ರಿಂಗಿಗೆ ಪ್ಲೇಟು ಸೇರಿಸಿದರೆ ಗಾಡಿ ಹಿಂದೆ ಕುಗ್ಗುವುದು ನಿಲ್ಲಬಹುದು. ಬ್ರೇಕು ಮಾತ್ರ ಹಿಂದಿನದ್ದೇ, ಆಕ್ಸಿಲ್ ಹಿಂದಿನದ್ದೇ, ಬೇರಿಂಗು ಹಿಂದಿನದ್ದೇ, ಟಯರೂ ಹಿಂದಿನದ್ದೇ. ಭಾರ ಹಿಂದಿನ ಆಕ್ಸಿಲಿನಿಂದ ಆಚೆಗೆ ಹೋದಷ್ಟೂ ಮುಂದಿನ ಚಕ್ರ ನೆಲದ ಮೇಲೆ ಹಗುರಾಗುತ್ತದೆ. ಬ್ರೇಕಿನ ಹೆಚ್ಚಿನ ಕೆಲಸ ಮಾಡುವುದು ಮುಂದಿನ ಚಕ್ರ, ಗಾಡಿಯನ್ನು ತಿರುಗಿಸುವುದೂ ಅದೇ. ಏರಿನಲ್ಲಿ ಸ್ಟಿಯರಿಂಗ್ ಹಗುರ ಆಗಿ ಗಾಡಿ ಹೇಳಿದ ಕಡೆ ಹೋಗುವುದಿಲ್ಲ, ಇಳಿಜಾರಿನಲ್ಲಿ ಬ್ರೇಕು ಕಾದು ಹಿಡಿಯುವುದಿಲ್ಲ. ಹಿಂಭಾಗ ಕೂತು ಮುಂಭಾಗ ಎದ್ದಾಗ ಹೆಡ್‌ಲೈಟು ಎದುರಿನವರ ಕಣ್ಣಿಗೆ ಬೀಳುತ್ತದೆ. ಚಾಸಿಸ್ಸಿನ ಅಂಚಿಗೆ ತೂತು ಕೊರೆದು, ಅಡ್ಡಕ್ಕೆ ವೆಲ್ಡಿಂಗ್ ಎಳೆದಿದ್ದರೆ ಬಿರುಕು ಹುಟ್ಟುವುದು ಅಲ್ಲಿಂದಲೇ. ಡ್ರೈವರ್ ಬೆನ್ನ ಹಿಂದೆ ಗಟ್ಟಿ ತಡೆ ಇಲ್ಲದಿದ್ದರೆ ಒಮ್ಮೆಗೇ ಬ್ರೇಕು ಹಾಕಿದಾಗ ಲೋಡು ಬಂದು ಹೊಡೆಯುವುದು ಅವನ ಬೆನ್ನಿಗೇ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ರೂಪ ಬದಲಿಸುವುದರ ಕುರಿತಾದದ್ದು. 2000ದಲ್ಲಿ ಆದ ತಿದ್ದುಪಡಿ ಇದನ್ನು ಬಿಗಿಗೊಳಿಸಿತು. ಆರ್‌ಸಿಯಲ್ಲಿ ಬರೆದ ವಿವರ ಕಂಪೆನಿ ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸಬಾರದು ಎಂಬುದು ಅದರ ಸಾರ. ಕೇರಳದ ನಿಯಮಗಳ ಪ್ರಕಾರ ಸ್ವಲ್ಪ ಸಡಿಲ ಇದೆ ಎಂದು ಹೈಕೋರ್ಟಿನಲ್ಲಿ ವಾದ ಗೆದ್ದದ್ದೂ ಉಂಟು. ಆದರೆ ಕೇರಳದಿಂದಲೇ ಹೋದ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಆ ಬಾಗಿಲು ಮುಚ್ಚಿತು. ರಾಜ್ಯದ ನಿಯಮ ಕೇಂದ್ರದ ಕಾಯ್ದೆಗೆ ಅಧೀನ, ಕಂಪೆನಿ ಕಟ್ಟಿದ ಮೂಲ ರೂಪವನ್ನು ಬದಲಿಸುವ ಹಾಗಿಲ್ಲ ಎಂದಿತು. ಬಣ್ಣ ಬದಲಿಸುವಂಥ ಸಣ್ಣಪುಟ್ಟ ಕೆಲಸ ಬೇರೆ. ಜೀಪಿನ ಹಿಂಭಾಗ ಕಡಿದು ತೊಟ್ಟಿ ಕೂರಿಸುವುದು ಸಣ್ಣ ಕೆಲಸದ ಪಟ್ಟಿಗೆ ಬರುವುದಿಲ್ಲ.

ಅದೇ 2019ರಲ್ಲಿ ಕಾಯ್ದೆಗೆ ಇನ್ನೊಂದು ತಿದ್ದುಪಡಿ ಬಂತು. ಅನುಮತಿ ಇಲ್ಲದೆ ಗಾಡಿಯ ರೂಪ ಬದಲಿಸಿದ ಮಾಲಕನಿಗೆ ಒಂದೊಂದು ಬದಲಾವಣೆಗೆ 5,000 ರೂ. ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಅಥವಾ ಎರಡೂ. ಇದಲ್ಲದೆ ಆರ್‌ಟಿಒ ನೋಂದಣಿಯನ್ನೇ ಅಮಾನತು ಮಾಡಬಹುದು. ಹದಿನೈದು ವರ್ಷ ದಾಟಿದ ಕಾರು, ಜೀಪುಗಳ ನೋಂದಣಿ ನವೀಕರಣದ ಶುಲ್ಕ 600 ರೂ. ಇದ್ದದ್ದು 2022ರ ಏಪ್ರಿಲ್ 1ರಿಂದ 5,000 ಆಯಿತು. ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರಲ್ಲಿ 10,000ಕ್ಕೆ ಏರಿತು. ಅಷ್ಟು ಕೊಟ್ಟು ನವೀಕರಣಕ್ಕೆ ಹೋದಾಗಲೇ ಇನ್ಸ್‌ಪೆಕ್ಟರ್ ಗಾಡಿ ನೋಡುವುದು. ಕಡಿದ ಗಾಡಿ ಅಲ್ಲಿ ಸಿಕ್ಕಿಬೀಳದೆ ಇರುವುದಿಲ್ಲ.

ದಂಡಕ್ಕಿಂತ ದೊಡ್ಡ ಹೊರೆ

ದಂಡ ಕಟ್ಟಿ ಬರಬಹುದು. ಕಟ್ಟಲಾಗದ್ದು ಅಪಘಾತದ ಹೊರೆ. ಆರ್‌ಸಿಯಲ್ಲಿ ಜನ ಹೋಗುವ ಖಾಸಗಿ ಜೀಪು, ಮಾರ್ಗದಲ್ಲಿ ಲೋಡು ಹೋಗುವ ಪಿಕಪ್. ಇಂಥ ಗಾಡಿ ಮಗುಚಿದರೆ ಗಾಡಿಯ ನಷ್ಟಕ್ಕೆ ವಿಮೆ ಸಿಗುವ ಆಸೆ ಬಿಡಬೇಕು. ಎದುರಿನವರಿಗೆ ಪೆಟ್ಟಾದರೆ ವಿಮಾ ಕಂಪೆನಿ ಕೋರ್ಟಿನಲ್ಲಿ ತಗಾದೆ ಎತ್ತಿ, ಪರಿಹಾರವನ್ನು ಮಾಲಕನಿಂದಲೇ ವಸೂಲು ಮಾಡಲು ನೋಡುತ್ತದೆ.

ಅದಕ್ಕೂ ಮಿಗಿಲಾದ ಚಿಂತೆ ತೊಟ್ಟಿಯಲ್ಲಿ ಕೂತವರದ್ದು. ಸಂಜೆ ಕೆಲಸ ಬಿಟ್ಟ ಮೇಲೆ ಕೆಲಸದವರನ್ನು ಹಿಂದೆ ಕೂರಿಸಿ ಮನೆ ತನಕ ಬಿಟ್ಟು ಬರುವುದು ನಮ್ಮ ಕಡೆ ಒಂದು ಉಪಕಾರ. ಲೋಡು ಗಾಡಿಯಲ್ಲಿ ಸುಮ್ಮನೆ ಹೋಗುವ ಪ್ರಯಾಣಿಕರಿಗೆ ವಿಮಾ ಕಂಪೆನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರ ಕೊನೆಯಲ್ಲೇ ಹೇಳಿದೆ. 1994ರ ತಿದ್ದುಪಡಿಯಂತೆ ಸರಕಿನ ಮಾಲಕ ಅಥವಾ ಅವನ ಪ್ರತಿನಿಧಿ ಸರಕಿನ ಜತೆ ಹೋದರೆ ರಕ್ಷೆ ಉಂಟು. ಖಾಲಿ ತೊಟ್ಟಿಯಲ್ಲಿ ಮನೆಗೆ ಹೊರಟ ಅಡಿಕೆ ಹೆಕ್ಕುವ ಹೆಂಗಸಿಗೆ ಆ ರಕ್ಷೆ ತಾಗುವುದಿಲ್ಲ. ಕಾನೂನು ಸರಿಯಿರುವ ಲೋಡು ಗಾಡಿಯಲ್ಲೇ ಹೀಗಾದರೆ ಕಡಿದ ಜೀಪಿನಲ್ಲಿ ಏನು ಗತಿ? ಉಪಕಾರಕ್ಕೆ ಹೋಗಿ ಎರಡು ಮನೆ ಮುಳುಗುವುದು ಅಂದರೆ ಇದೇ.

ದಾರಿ ಇಲ್ಲವೆಂದಲ್ಲ, ಕಡಿದಿಲ್ಲ

ಇಷ್ಟು ಕೇಳಿದ ಮೇಲೆ ಕೃಷಿಕರದ್ದೇ ತಪ್ಪು ಎಂದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಸರಕಾರ ಬೇರೆಯವರಿಗೆ ಕೊಟ್ಟ ದಾರಿಗಳನ್ನು ಒಮ್ಮೆ ನೋಡಬೇಕು. ಪೆಟ್ರೋಲ್ ಗಾಡಿಗೆ ಅನುಮೋದನೆ ಪಡೆದ ಸಿಎನ್‌ಜಿ, ಎಲ್‌ಪಿಜಿ ಕಿಟ್ ಹಾಕಿಸಲು ನಿಯಮ ಉಂಟು. ಹಳೆ ಗಾಡಿಯನ್ನು ವಿದ್ಯುತ್ ಗಾಡಿ ಮಾಡಲು ಕಿಟ್‌ಗಳಿಗೆ ಮಾನದಂಡ ಉಂಟು. ಅಂಗವಿಕಲರಿಗೆ ಅನುಕೂಲ ಆಗುವಂತೆ ಗಾಡಿ ಬದಲಿಸಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಲಾರಿ ಚಾಸಿಸ್ಸಿನ ಮೇಲೆ ಬಾಡಿ ಕಟ್ಟುವ ಶಾಪುಗಳಿಗೆ ಎಐಎಸ್-093 ಎಂಬ ಕ್ರಮಬದ್ಧ ಮಾನದಂಡ ಉಂಟು. ಒಂದೇ ಒಂದು ಗಾಡಿಯನ್ನು ಬದಲಿಸಿದರೂ ಪರೀಕ್ಷೆ ಮಾಡಿ ಒಪ್ಪಿಗೆ ಕೊಡುವ ಪದ್ಧತಿ ಬ್ರಿಟನ್, ಆಸ್ಟ್ರೇಲಿಯಾದಂಥ ದೇಶಗಳಲ್ಲಿ ನಡೆದುಕೊಂಡು ಬಂದಿದೆ. ಅಂದ ಮೇಲೆ ಸಣ್ಣ ಜೀಪನ್ನು ಪಿಕಪ್ ಮಾಡುವುದಕ್ಕೂ ಒಂದು ಮಾನದಂಡ ಮಾಡುವುದು ಆಗದ ಕೆಲಸವಲ್ಲ.

ಮೊದಲು ಬೇಕಾದ್ದು ಒಪ್ಪಿತ ನಕ್ಷೆ. ಜೀಪಿಗೆ ಒಂದು, ಜಿಪ್ಸಿಗೆ ಒಂದು. ತೊಟ್ಟಿಯ ಉದ್ದ ಎಷ್ಟು, ಆಕ್ಸಿಲಿನಿಂದ ಎಷ್ಟು ಹಿಂದಕ್ಕೆ ಹೋಗಬಹುದು, ಡ್ರೈವರ್ ಹಿಂದಿನ ತಡೆ ಎಷ್ಟು ಗಟ್ಟಿ ಇರಬೇಕು, ಚಾಸಿಸ್ಸಿಗೆ ಎಲ್ಲಿ ಬೋಲ್ಟು ಹಾಕಬೇಕು, ಎಲ್ಲಿ ವೆಲ್ಡಿಂಗ್ ಕೂಡದು ಎಂಬುದು ಅದರಲ್ಲಿ ಇರಲಿ. ದೇಶದ ಪರೀಕ್ಷಾ ಸಂಸ್ಥೆಯೊಂದು ಒಮ್ಮೆ ಪರೀಕ್ಷಿಸಿ ಒಪ್ಪಿದರೆ ಸಾಕು, ಪ್ರತಿಯೊಬ್ಬ ಕೃಷಿಕನೂ ಲಕ್ಷ ಖರ್ಚು ಮಾಡಿ ಪರೀಕ್ಷೆಗೆ ಓಡಬೇಕಾಗಿಲ್ಲ. ಜಿಲ್ಲೆಗೆ ಇಂತಿಷ್ಟು ಶಾಪುಗಳಿಗೆ ತರಬೇತಿ ಕೊಟ್ಟು ಮಾನ್ಯತೆ ಕೊಡಲಿ. ವೆಲ್ಡರ್‌ಗಳ ಕೈಯಲ್ಲಿ ಕಲೆ ಇದೆ, ಕೊರತೆ ಇರುವುದು ಲೆಕ್ಕದ್ದು. ಕೊನೆಗೆ ವೇ ಬ್ರಿಜ್‌ನಲ್ಲಿ ಖಾಲಿ ಗಾಡಿ ತೂಗಿ, ಎಷ್ಟು ಲೋಡು ಹೇರಬಹುದೆಂದು ತೊಟ್ಟಿಯ ಮೇಲೆಯೇ ಬರೆಸಿ, ಆರ್‌ಸಿಯಲ್ಲಿ ಲೋಡು ಗಾಡಿ ಎಂದು ದಾಖಲಿಸಿ, ಆ ಪ್ರಕಾರವೇ ವಿಮೆ ಮಾಡಿಸುವಂತಾಗಲಿ.

ಹೀಗೆ ದಾಖಲಾದ ಗಾಡಿಗೆ ಉಳಿದ ಕಾನೂನು ಅಷ್ಟೇನೂ ಕಷ್ಟ ಕೊಡುವುದಿಲ್ಲ. ಒಟ್ಟು ತೂಕ 3,000 ಕಿಲೋ ಮೀರದ ಲೋಡು ಗಾಡಿಗೆ ಪರ್ಮಿಟ್ ಬೇಡ ಎಂದು ಕಾಯ್ದೆಯ 66ನೇ ಸೆಕ್ಷನ್ ವಿನಾಯಿತಿ ಕೊಟ್ಟಿದೆ. ಲಘು ವಾಹನದ ಲೈಸನ್ಸ್ ಇದ್ದವರು 7,500 ಕಿಲೋ ಒಳಗಿನ ಸಾರಿಗೆ ವಾಹನ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಫಿಟ್‌ನೆಸ್ ಮಾತ್ರ ವರ್ಷ ವರ್ಷ ಮಾಡಿಸಬೇಕು. ಇದು ಹೊರೆ ಅನ್ನಿಸಬಹುದು, ಆದರೆ ಹಳೆ ಗಾಡಿಯ ಬ್ರೇಕನ್ನು ವರ್ಷಕ್ಕೊಮ್ಮೆಯಾದರೂ ಯಾರಾದರೂ ನೋಡುವುದು ಒಳ್ಳೆಯದೇ.

ಗಡಿಯ ಈಚೆಯವರಿಗೆ ಇದು ಇನ್ನೂ ಮುಖ್ಯ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ತೋಟ ಒಂದು ಕಡೆ, ಪೇಟೆ ಇನ್ನೊಂದು ಕಡೆ ಆಯಿತು. ಅಡಿಕೆ ಕೊಂಡುಹೋಗುವುದು ಪುತ್ತೂರಿಗೋ ವಿಟ್ಲಕ್ಕೋ ಸುಳ್ಯಕ್ಕೋ ಆದರೆ ಕೆಎಲ್-14 ನಂಬ್ರದ ಗಾಡಿಗೆ ಎರಡು ರಾಜ್ಯದ ಪೊಲೀಸರ ಕಣ್ಣು. ದಾಖಲೆ ಸರಿ ಇಲ್ಲದವನು ಎರಡೂ ಕಡೆ ತಲೆ ತಗ್ಗಿಸಬೇಕು. ತಾಳವಾಡಿ, ವಯನಾಡು, ನೀಲಗಿರಿಯ ಗುಡ್ಡಗಳಲ್ಲಿ ಕೃಷಿ ಮಾಡುವ ಕನ್ನಡ ಮನೆಗಳಿಗೂ ಇದೇ ಮಾತು ಅನ್ವಯ, ಏಕೆಂದರೆ ಕಾಯ್ದೆ ಕೇಂದ್ರದ್ದು, ಎಲ್ಲ ಕಡೆ ಒಂದೇ.

ಭಾಷೆಯದ್ದೂ ಒಂದು ಮಾತಿದೆ. ಆರ್‌ಟಿಒದಿಂದ ಬರುವ ನೋಟೀಸು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಕನ್ನಡ ಶಾಲೆಯಲ್ಲಿ ಓದಿದ ಹಿರಿಯ ಕೃಷಿಕರು ಅದನ್ನು ಓದಿಸಲು ಯಾರನ್ನಾದರೂ ಹುಡುಕಬೇಕು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಕಚೇರಿಗಳಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯಲು 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆ ಅವಕಾಶ ಮಾಡಿಕೊಟ್ಟಿತ್ತು. ಯಾವುದು ಮಾಡಬಹುದು, ಯಾವುದು ಕೂಡದು ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿ ಪಂಚಾಯತು, ಸಹಕಾರಿ ಬ್ಯಾಂಕು, ಅಡಿಕೆ ಖರೀದಿ ಕೇಂದ್ರಗಳಲ್ಲಿ ಅಂಟಿಸಿದರೆ ಅರ್ಧ ತಪ್ಪು ಅಲ್ಲೇ ನಿಲ್ಲುತ್ತದೆ.

ಅಷ್ಟರ ತನಕ ಏನು?

ನಿಯಮ ಬರುವ ತನಕ ಕಟ್ಟರಿಗೆ ಕೈ ಹಾಕದಿರುವುದೇ ಲೇಸು. ಜೀಪು, ಜಿಪ್ಸಿಯ ಹಿಂದಿನ ಸೀಟು ಮಡಚಿ, ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ಮೀರದ ಹಾಗೆ ಮನೆಯ ಸಾಮಾನು ಸಾಗಿಸಿದರೆ ಗಾಡಿಯ ರೂಪ ಕೆಡುವುದಿಲ್ಲ. ಹೆಚ್ಚು ಲೋಡಿದ್ದರೆ ಬಾಡಿಗೆ ಪಿಕಪ್ ಕರೆಯಬೇಕು. ಐದಾರು ಮನೆಯವರು ಸೇರಿ, ಇಲ್ಲವೇ ಸಹಕಾರಿ ಸಂಘದ ಮೂಲಕ, ನಾಲ್ಕು ಚಕ್ರಕ್ಕೂ ಬಲ ಹೋಗುವ ಒಂದು ಪಿಕಪ್ ತೆಗೆದುಕೊಂಡು ಸರದಿಯಲ್ಲಿ ಬಳಸುವುದೂ ಆಗದ ಮಾತಲ್ಲ. ಮದ್ದು ಬಿಡುವ ಯಂತ್ರವನ್ನು ನೆರೆಕರೆಯವರು ಹಂಚಿಕೊಂಡು ಬಳಸುವುದು ನಮ್ಮಲ್ಲಿ ಹೊಸತೇನಲ್ಲ. ಈಗಾಗಲೇ ಕಡಿದವರು ಆರ್‌ಟಿಒ ಹಿಡಿಯುವ ತನಕ ಕಾಯುವುದಕ್ಕಿಂತ ಮೂಲ ಬಾಡಿಗೆ ಮರಳಿಸುವುದು ಒಳ್ಳೆಯದು. ಅದು ಆಗದಿದ್ದರೆ ಮಾರ್ಗಕ್ಕೆ ಇಳಿಸದಿರಲಿ, ಕಡೇ ಪಕ್ಷ ತೊಟ್ಟಿಯಲ್ಲಿ ಜನರನ್ನು ಕೂರಿಸದಿರಲಿ.

ಚುನಾವಣೆ ಬಂದಾಗ ರಸ್ತೆ, ಸಂಕ, ಅಡಿಕೆ ಧಾರಣೆ ಕೇಳುವ ಹಾಗೆ ಇದನ್ನೂ ನಮ್ಮ ಸಂಸದರಲ್ಲಿ, ಶಾಸಕರಲ್ಲಿ ಕೇಳಬೇಕು. ದೊಡ್ಡ ಪೇಟೆಯವರಿಗೆ ಇದು ಹಳೆ ಗಾಡಿಯ ಶೋಕಿ ಅನ್ನಿಸಬಹುದು. ಗುಡ್ಡೆಯ ಬದಿಯಲ್ಲಿ ಎರಡು ಎಕರೆ ತೋಟ ಇಟ್ಟುಕೊಂಡವರಿಗೆ ಮಳೆಗಾಲದ ಮದ್ದು ಹೊತ್ತಿಗೆ ಸರಿಯಾಗಿ ತೋಟಕ್ಕೆ ಮುಟ್ಟುವುದೋ ಇಲ್ಲವೋ ಎಂಬ ಪ್ರಶ್ನೆ. "ಕೂಡದು" ಎಂದು ಹೇಳುವ ಅಧಿಕಾರ ಸರಕಾರಕ್ಕೆ ಇದೆ, ಹೇಳಲಿ. ಹೀಗೆ ಮಾಡಿದರೆ ಆದೀತು ಎಂದು ಹೇಳುವ ಹೊಣೆಯೂ ಅದಕ್ಕೇ ಸೇರಿದ್ದು.